ನಾಲ್ಕನೆಯ ದಿನ: ಧ್ಯಾನಕೂಟದಿಂದ ಮರಳಿದ ನಮ್ಮ ಯುವಜನರು



ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದೊಡನೆ ದೇವಾಲಯಕ್ಕೆ ಅಸ್ತಿಭಾರ ಹಾಕಿದವರಾರು, ಗಂಟೆಯನ್ನು ಎಲ್ಲಿಂದ ತರಿಸಿದರು, ಯಾವ ಯಾವ ಗುರುಗಳು ಎಷ್ಟೆಷ್ಟು ವರ್ಷ ಸೇವೆ ಸಲ್ಲಿಸಿದರು ಎಂಬ ವಿವರಗಳೇ ನೆನಪಿಗೆ ಬರುತ್ತವೆ. ಅವೆಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ದೊರೆಯುತ್ತವೆ. ನಾನಿಲ್ಲಿ ಎತ್ತಿಕೊಂಡಿರುವ ಚರಿತ್ರೆ ಬೇರೆ. ಹದಿಹರೆಯದ ಮಕ್ಕಳ ಮನಸ್ಸಿನಲ್ಲಿ ಒಮ್ಮೆ ಹೊತ್ತಿಕೊಂಡ ವಿಶ್ವಾಸದ ದೀಪವು ಆರದಂತೆ ನೋಡಿಕೊಳ್ಳಲು ಧರ್ಮಸಭೆಯು ಬೇರೆ ಬೇರೆ ಶತಮಾನಗಳಲ್ಲಿ ಏನು ಮಾಡಿತು, ಎಲ್ಲಿ ಎಡವಿತು, ಎಡವಿದ ಮೇಲೆ ಏನನ್ನು ಕಲಿಯಿತು ಎಂಬುದೇ ಈ ಲೇಖನದ ವಿಷಯ. ನೂರು ವರ್ಷ ತುಂಬಿದ ದೇವಾಲಯದಲ್ಲಿ ಇನ್ನು ಮುಂದೆ ಮೊಣಕಾಲೂರಬೇಕಾದವರು ಆ ಮಕ್ಕಳೇ ಆದುದರಿಂದ ಈ ವಿಷಯವು ಸಂದರ್ಭಕ್ಕೆ ಹೊರತಾದುದೆಂದು ಯಾರೂ ಹೇಳಲಾರರು.

ಪ್ರತಿ ವರ್ಷವೂ ನಾವು ಕಾಣುತ್ತಿರುವುದು ಇದು. ಬೇಸಿಗೆಯ ರಜೆಯಲ್ಲೋ ತಪಸ್ಸುಕಾಲದಲ್ಲೋ ನಮ್ಮ ಹುಡುಗ ಹುಡುಗಿಯರು ಮೂರು ದಿನ, ಐದು ದಿನದ ಧ್ಯಾನಕೂಟಕ್ಕೆ ಹೋಗುತ್ತಾರೆ. ದೇವರ ವಾಕ್ಯವನ್ನು ಆಲಿಸಿ, ಮನಬಿಚ್ಚಿ ಪಾಪನಿವೇದನೆ ಮಾಡಿ, ಪರಮಪ್ರಸಾದದ ಮುಂದೆ ರಾತ್ರಿಯೆಲ್ಲ ಕುಳಿತು, ಅತ್ತು, ಹಾಡಿ, ಹಗುರಾಗಿ ಮನೆಗೆ ಮರಳುತ್ತಾರೆ. ತಂದೆತಾಯಿಗಳಿಗೆ ಆಶ್ಚರ್ಯ: ಎಬ್ಬಿಸದೆ ಏಳುತ್ತಾನೆ, ಹೇಳದೆ ಜಪಸರ ಹಿಡಿಯುತ್ತಾಳೆ, ತಂಗಿಯೊಡನೆ ಜಗಳವಿಲ್ಲ. ಬೆಳಗಿನ ಪೂಜೆಯಲ್ಲಿ ಮುಂದಿನ ಸಾಲಿನ ಬೆಂಚು ತುಂಬುತ್ತದೆ. ನಂತರ ಕಾಲೇಜು ತೆರೆಯುತ್ತದೆ. ಟ್ಯೂಷನ್, ಸಿ.ಇ.ಟಿ. ತಯಾರಿ, ಹಳೆಯ ಗೆಳೆಯರು, ಕೈಯಲ್ಲೊಂದು ಮೊಬೈಲು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಬೆಂಚು ಖಾಲಿ. ಆಗ ಹಿರಿಯರಲ್ಲಿ ಕೆಲವರು, "ಏನಪ್ಪಾ, ಧ್ಯಾನಕೂಟದ ಬಿಸಿ ಇಳಿಯಿತೇ?" ಎಂದು ನಗುತ್ತಾರೆ.

ಈ ನಗೆಯಷ್ಟು ಹಾನಿಕರವಾದುದು ಬೇರೊಂದಿಲ್ಲ. ಏಕೆಂದರೆ ಆ ಮಗು ತಾನೂ ಮನಸ್ಸಿನೊಳಗೆ ಅದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತಿರುತ್ತದೆ. ಅಂದು ಅಷ್ಟು ಹತ್ತಿರವಾಗಿದ್ದ ಯೇಸುಸ್ವಾಮಿ ಇಂದು ಎಲ್ಲಿ? ಅಂದು ಕಂಡದ್ದು ಬರೀ ಭಾವಾವೇಶವೇ, ಸಂಗೀತದ ಮಾಯೆಯೇ? ಹದಿನಾರು ವರ್ಷದ ಮಗು ಈ ಪ್ರಶ್ನೆಗೆ ಒಂಟಿಯಾಗಿ ಉತ್ತರ ಹುಡುಕಿದರೆ, ಅನೇಕ ವೇಳೆ "ಹೌದು, ಅದೆಲ್ಲ ಸುಳ್ಳು" ಎಂದೇ ತೀರ್ಮಾನಿಸುತ್ತದೆ. ಧ್ಯಾನಕೂಟಕ್ಕೆ ಎಂದೂ ಹೋಗದ ಹುಡುಗನನ್ನು ಮುಂದೊಮ್ಮೆ ಕರೆಯಬಹುದು. ಹೋಗಿ, ಉರಿದು, ತಣ್ಣಗಾಗಿ, ಮೋಸಹೋದೆನೆಂದು ತಿಳಿದವನನ್ನು ಮತ್ತೆ ಕರೆಯುವುದು ಬಹಳ ಕಷ್ಟ.

ಇದು ನಮ್ಮ ಕಾಲದ ಹೊಸ ರೋಗವೆಂದು ಭಾವಿಸುವವರಿದ್ದಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಧ್ಯಾನಕೂಟವೆಂಬ ಪದ್ಧತಿಗೆ ಇಂದಿನ ರೂಪ ಕೊಟ್ಟ ಮಹನೀಯರೇ, ಅದರ ಆರಂಭದ ವರ್ಷಗಳಲ್ಲಿಯೇ, ಈ ಕಷ್ಟವನ್ನು ಎದುರಿಸಿದರು.

ಲೊಯೋಲದ ಸಂತ ಇಗ್ನೇಷಿಯಸರು, ಅಂದರೆ ನಮ್ಮ ಹಳ್ಳಿಗಳ ಇನ್ನಾಸಪ್ಪ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿರುವ ಆ ಸಂತರು, 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಕಾಲಿಗೆ ಗುಂಡೇಟು ತಿಂದು ಹಾಸಿಗೆ ಹಿಡಿದಾಗ ಮನಸ್ಸು ತಿರುಗಿದವರು. ಮರುವರ್ಷ ಮನ್ರೇಸ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಪ್ರಾರ್ಥನೆ ತಪಸ್ಸುಗಳಲ್ಲಿ ಕಳೆದರು. ಅಲ್ಲಿ ಅವರಿಗೆ ದೊರೆತುದು ಬರೀ ಆನಂದವಲ್ಲ. ಪಾಪದ ಶಂಕೆಗಳು ಮುತ್ತಿ ಪ್ರಾಣವನ್ನೇ ಕಳೆದುಕೊಳ್ಳಬೇಕೆನಿಸುವಷ್ಟು ಕತ್ತಲೆಯನ್ನೂ ಅವರು ಕಂಡರು. ಆ ಅನುಭವದಿಂದ ಹುಟ್ಟಿದ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕಿರುಗ್ರಂಥಕ್ಕೆ ಜಗದ್ಗುರು ಮೂರನೆಯ ಪೌಲರು 1548ರಲ್ಲಿ ಅನುಮೋದನೆ ನೀಡಿದರು. ಆದರೆ ಗ್ರಂಥಕ್ಕೆ ಅನುಮೋದನೆ ದೊರೆಯುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮುಂಚೆ ಪ್ಯಾರಿಸಿನಲ್ಲಿ ಒಂದು ಪ್ರಸಂಗ ನಡೆಯಿತು. ಧರ್ಮಗುರುಗಳೂ ಯುವಜನರ ಸಂಚಾಲಕರೂ ಅದನ್ನು ಮರೆಯಬಾರದೆಂದು ನನ್ನ ಅಭಿಪ್ರಾಯ.

1529ರಲ್ಲಿ ಇಗ್ನೇಷಿಯಸರು ಪ್ಯಾರಿಸ್ ವಿಶ್ವವಿದ್ಯಾನಿಲಯದಲ್ಲಿ ಇನ್ನೂ ವಿದ್ಯಾರ್ಥಿ. ಅಲ್ಲಿ ಪೆರಾಲ್ಟ, ಕಾಸ್ಟ್ರೊ, ಅಮಡೋರ್ ಎಂಬ ಮೂವರು ತರುಣರಿಗೆ ಅವರು ಈ ಸಾಧನೆಗಳನ್ನು ಮಾಡಿಸಿದರು. ಫಲ ತಕ್ಷಣವೇ ಕಂಡಿತು. ಮೂವರೂ ತಮ್ಮಲ್ಲಿದ್ದುದನ್ನೆಲ್ಲ, ಓದುವ ಪುಸ್ತಕಗಳನ್ನು ಸಹ, ಬಡವರಿಗೆ ಕೊಟ್ಟುಬಿಟ್ಟು, ಬೀದಿಯಲ್ಲಿ ಭಿಕ್ಷೆ ಬೇಡುತ್ತಾ, ಸಂತ ಯಾಕೋಬರ ಧರ್ಮಶಾಲೆಯಲ್ಲಿ ಹೋಗಿ ನೆಲೆಸಿದರು. ಊರೆಲ್ಲ ಗುಲ್ಲೆದ್ದಿತು. ಅವರ ಸ್ನೇಹಿತರು ಬುದ್ಧಿ ಹೇಳಿ ಸೋತು, ಕೊನೆಗೆ ಆಯುಧ ಹಿಡಿದು ಗುಂಪಾಗಿ ಬಂದು ಅವರನ್ನು ಧರ್ಮಶಾಲೆಯಿಂದ ಎಳೆದೊಯ್ದರು. ಮೊದಲು ಓದು ಮುಗಿಸುವುದು, ಆಮೇಲೆ ಬೇಕಾದರೆ ಸಂಕಲ್ಪವನ್ನು ನೆರವೇರಿಸಿಕೊಳ್ಳುವುದು ಎಂಬ ಒಪ್ಪಂದವಾಯಿತು. ಅಮಡೋರನು ಓದುತ್ತಿದ್ದ ಸೇಂಟ್ ಬಾರ್ಬ್ ಕಾಲೇಜಿನ ಮುಖ್ಯಸ್ಥ ಗೊವೇಯಾ ಅವರಂತೂ, ಹುಡುಗನಿಗೆ ಹುಚ್ಚು ಹಿಡಿಸಿದ ಇಗ್ನೇಷಿಯಸನು ಇಲ್ಲಿ ಕಾಲಿಟ್ಟರೆ ಎಲ್ಲರ ಎದುರಿಗೆ ಛಡಿಯೇಟು ಕೊಡಿಸುವೆನೆಂದು ಗುಡುಗಿದರು.

ಆ ಮೂವರ ಭಕ್ತಿಯಲ್ಲಿ ಸುಳ್ಳಿರಲಿಲ್ಲ. ಕಾಸ್ಟ್ರೊ ಮುಂದೆ ಸ್ಪೇನಿನಲ್ಲಿ ಕಾರ್ತೂಸಿಯನ್ ಮಠವನ್ನು ಸೇರಿದರು. ಪೆರಾಲ್ಟರು ಜೆರುಸಲೇಮಿಗೆ ಕಾಲ್ನಡಿಗೆಯಲ್ಲಿ ಹೊರಟು ಇಟಲಿಯಲ್ಲಿ ಬಂಧುವೊಬ್ಬನ ಕೈಗೆ ಸಿಕ್ಕಿ ಹಿಂದಿರುಗಬೇಕಾಯಿತು. ಆದರೂ ಈ ಮೂವರಲ್ಲಿ ಒಬ್ಬರೂ ಇಗ್ನೇಷಿಯಸರ ಸಂಗಡಿಗರಾಗಿ ಉಳಿಯಲಿಲ್ಲ. ಹತ್ತಿದ ಬೆಂಕಿಗೆ ಒಲೆ ಇರಲಿಲ್ಲ.

ಅದೇ ವರ್ಷದ ಶರತ್ಕಾಲದಲ್ಲಿ ಇಗ್ನೇಷಿಯಸರು ತಮ್ಮನ್ನು ಹೊಡೆಸುವೆನೆಂದಿದ್ದ ಅದೇ ಸೇಂಟ್ ಬಾರ್ಬ್ ಕಾಲೇಜಿಗೆ ಬಂದು ಸೇರಿದರು. ಅಲ್ಲಿ ಪೀಟರ್ ಫೇಬರ್ ಮತ್ತು ಫ್ರಾನ್ಸಿಸ್ ಝೇವಿಯರ್ ಎಂಬ ಇಬ್ಬರು ತರುಣರೊಡನೆ ಒಂದೇ ಕೋಣೆಯಲ್ಲಿ ವಾಸ. ಈ ಝೇವಿಯರರೇ ನಮ್ಮ ಚೌರಪ್ಪನವರ ಹೆಸರಿಗೆ ಮೂಲವಾದ ಸಂತರು, 1542ರಲ್ಲಿ ಗೋವೆಗೆ ಬಂದವರು. ಈ ಬಾರಿ ಇಗ್ನೇಷಿಯಸರು ಅವಸರಪಡಲಿಲ್ಲ. ಫೇಬರರು ಪಾಪಶಂಕೆಯಿಂದ ನರಳುತ್ತಿದ್ದ ಮೃದು ಸ್ವಭಾವದ ಯುವಕ. ಅವರಿಗೆ ಸಾಧನೆಗಳನ್ನು ಮಾಡಿಸಲು ಇಗ್ನೇಷಿಯಸರು ಸುಮಾರು ನಾಲ್ಕು ವರ್ಷ ಕಾದರು. ಆ ನಾಲ್ಕು ವರ್ಷಗಳಲ್ಲಿ ವಾರಕ್ಕೊಮ್ಮೆ ಪಾಪನಿವೇದನೆ ಮತ್ತು ಪರಮಪ್ರಸಾದ, ದಿನದ ಕೊನೆಯಲ್ಲಿ ಆತ್ಮಶೋಧನೆ, ಜೊತೆಯಲ್ಲಿ ಪಾಠ, ಜೊತೆಯಲ್ಲಿ ಊಟ. 1534ರ ಆರಂಭದಲ್ಲಿ ಫೇಬರರು ಸಾಧನೆಗಳಿಗೆ ಕುಳಿತಾಗ, ಮುಗಿಸಿಕೊಂಡು ಎಲ್ಲಿಗೆ ಮರಳಬೇಕೆಂಬ ಪ್ರಶ್ನೆಯೇ ಇರಲಿಲ್ಲ. ಸ್ನೇಹಿತರು ಸಿದ್ಧವಾಗಿದ್ದರು. ಆ ವರ್ಷ ಆಗಸ್ಟ್ 15ರಂದು ಏಳು ಮಂದಿ ಮೋಂಮಾರ್ತ್ರ್ ಗುಡ್ಡದ ಗುಡಿಯಲ್ಲಿ ಹರಕೆ ಹೊತ್ತರು. ಹೊತ್ತು ಸುಮ್ಮನಾಗಲಿಲ್ಲ. 1535ರಲ್ಲಿ, 1536ರಲ್ಲಿ ಅದೇ ದಿನ ಅದೇ ಹರಕೆಯನ್ನು ನವೀಕರಿಸಿಕೊಂಡರು. ನಡುವಿನ ದಿನಗಳಲ್ಲಿ ತಮ್ಮ ತಮ್ಮ ಪಾಲಿನ ಆಹಾರವನ್ನು ತೆಗೆದುಕೊಂಡು ಒಮ್ಮೆ ಒಬ್ಬರ ಕೋಣೆಯಲ್ಲಿ, ಇನ್ನೊಮ್ಮೆ ಇನ್ನೊಬ್ಬರ ಕೋಣೆಯಲ್ಲಿ ಸೇರಿ ಉಣ್ಣುತ್ತಿದ್ದರು. ಯೇಸುಸಭೆಯಂಥ ಮಹಾಸಂಸ್ಥೆ ಬೆಳೆದುದು ಬುತ್ತಿ ಹಂಚಿಕೊಂಡು ತಿನ್ನುವ ಈ ಕೂಟದಿಂದ.

ಓದಿನ ವಿಷಯದಲ್ಲಿಯೂ ಇಗ್ನೇಷಿಯಸರ ಬದುಕಿನಲ್ಲಿ ಒಂದು ಪಾಠವಿದೆ. ನಮ್ಮ ಮಕ್ಕಳ ಪೋಷಕರಿಗೆ ಅದು ಸಮಾಧಾನ ತರಬಲ್ಲುದು. ಪ್ಯಾರಿಸಿಗೆ ಬರುವ ಮುನ್ನ, ತಮ್ಮ 33ನೆಯ ವಯಸ್ಸಿನಲ್ಲಿ ಅವರು ಬಾರ್ಸಿಲೋನದಲ್ಲಿ ಚಿಕ್ಕ ಹುಡುಗರ ನಡುವೆ ಕುಳಿತು ಲತೀನ್ ವ್ಯಾಕರಣ ಕಲಿಯತೊಡಗಿದರು. ವ್ಯಾಕರಣವನ್ನು ಬಾಯಿಪಾಠ ಮಾಡಲು ಕುಳಿತಾಗಲೆಲ್ಲ ದೇವರ ಬಗೆಗೆ ಹೊಸ ಹೊಸ ಸವಿಯಾದ ಭಾವನೆಗಳು ಉಕ್ಕಿ ಬರುತ್ತಿದ್ದವು, ಪಾಠ ತಲೆಗೆ ಹತ್ತುತ್ತಿರಲಿಲ್ಲ. ಅವರು ಯೋಚಿಸಿದರು: ಪೂಜೆಯಲ್ಲಿಯೂ ಪ್ರಾರ್ಥನೆಯಲ್ಲಿಯೂ ಬಾರದ ಈ ಭಾವನೆಗಳು ಪಾಠದ ವೇಳೆಯಲ್ಲಿಯೇ ಏಕೆ ಬರುತ್ತವೆ? ಇದು ಶೋಧನೆಯೇ ಸರಿ ಎಂದು ನಿಶ್ಚಯಿಸಿ, ಉಪಾಧ್ಯಾಯರನ್ನು ಸಾಂತಾ ಮರಿಯಾ ದೆಲ್ ಮಾರ್ ದೇವಾಲಯಕ್ಕೆ ಕರೆದೊಯ್ದು, ಬಾರ್ಸಿಲೋನದಲ್ಲಿ ತಿನ್ನಲು ರೊಟ್ಟಿಯೂ ಕುಡಿಯಲು ನೀರೂ ಸಿಗುವ ತನಕ ಎರಡು ವರ್ಷ ಒಂದು ಪಾಠವನ್ನೂ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು. ಆ ಶೋಧನೆ ಅಲ್ಲಿಗೆ ನಿಂತಿತು. ಧ್ಯಾನಕೂಟದಿಂದ ಬಂದ ಮಗ ಪರೀಕ್ಷೆಯ ಪುಸ್ತಕ ಮುಚ್ಚಿಟ್ಟು ದಿನವಿಡೀ ಭಕ್ತಿಗೀತೆ ಕೇಳುತ್ತಾ ಕುಳಿತರೆ, ಬೈಯುವ ಬದಲು ಈ ಕತೆಯನ್ನು ಹೇಳಿ ನೋಡಿರಿ.

ಇಗ್ನೇಷಿಯಸರ ಗ್ರಂಥವನ್ನು ಈ ದೃಷ್ಟಿಯಿಂದ ಓದಿದಾಗ ಅದರ ವಿವೇಕ ಎದ್ದು ಕಾಣುತ್ತದೆ. ಸಾಧನೆ ಮಾಡುವವನು ಉತ್ಸಾಹದಿಂದ ಉಕ್ಕುತ್ತಿರುವಾಗ ದುಡುಕಿ ಹರಕೆ ವಚನಗಳನ್ನು ಮಾಡದಂತೆ ಮಾರ್ಗದರ್ಶಕನು ಎಚ್ಚರಿಸಬೇಕೆಂದು ಅದು ವಿಧಿಸುತ್ತದೆ. ಸಾಂತ್ವನದ ಕಾಲ, ಶುಷ್ಕತೆಯ ಕಾಲ ಎಂದು ಆತ್ಮದ ಎರಡು ಋತುಗಳನ್ನು ಹೇಳಿ, ಸಾಂತ್ವನದಲ್ಲಿರುವವನು ಮುಂದೆ ಬರಲಿರುವ ಶುಷ್ಕತೆಗಾಗಿ ಈಗಲೇ ಬಲ ಕೂಡಿಟ್ಟುಕೊಳ್ಳಲಿ, ಶುಷ್ಕತೆಯಲ್ಲಿರುವವನು ಹಿಂದೆ ಮಾಡಿದ ನಿರ್ಧಾರಗಳನ್ನು ಬದಲಿಸದಿರಲಿ ಎನ್ನುತ್ತದೆ. ಶುಷ್ಕತೆ ಬರುವುದಕ್ಕೆ ಕಾರಣಗಳೂ ಉಂಟು: ನಮ್ಮ ಆಲಸ್ಯ ಒಂದಾಗಿರಬಹುದು, ದೇವರು ನಮ್ಮನ್ನು ಪರೀಕ್ಷಿಸುತ್ತಿರಬಹುದು, ಸಾಂತ್ವನವೆಂಬುದು ನಮ್ಮ ಸಂಪಾದನೆಯಲ್ಲ, ಅವರ ಕೊಡುಗೆ ಎಂದು ನಮಗೆ ತಿಳಿಸುತ್ತಿರಬಹುದು. ಮನಸ್ಸಿನೊಳಗಿನ ಶೋಧನೆಯನ್ನು ಬಚ್ಚಿಟ್ಟುಕೊಳ್ಳದೆ ಒಬ್ಬ ವಿವೇಕಿಯೊಡನೆ ಹೇಳಿಕೊಳ್ಳಬೇಕೆಂಬುದೂ ಅಲ್ಲಿದೆ. ಉಕ್ಕಿದ ಭಾವ ಇಳಿಯುತ್ತದೆಂಬುದನ್ನು ಇಳಿಯುವ ಮೊದಲೇ ಮಕ್ಕಳಿಗೆ ಹೇಳಬೇಕೆಂಬ ಈ ಒಂದು ಮಾತನ್ನು ಇಂದಿನ ಎಷ್ಟು ಧ್ಯಾನಕೂಟಗಳ ಕೊನೆಯ ದಿನ ಹೇಳುತ್ತಾರೆ? ಕೊನೆಯ ದಿನವೆಂದರೆ ನಮ್ಮಲ್ಲಿ ಸಾಕ್ಷಿ ಹೇಳಿಸುವುದು, ಫೋಟೋ ತೆಗೆಯುವುದು, ಬಸ್ಸು ಹತ್ತಿಸುವುದು.

ಇನ್ನು ರೋಮ್ ನಗರದ ಕಡೆಗೆ ತಿರುಗೋಣ. 1563ರಲ್ಲಿ ಅಲ್ಲಿನ ಯೇಸುಸಭೆಯ ರೋಮನ್ ಕಾಲೇಜಿನಲ್ಲಿ ಜಾನ್ ಲ್ಯೂನಿಸ್ ಎಂಬ ತರುಣ ಉಪಾಧ್ಯಾಯರು ವ್ಯಾಕರಣದ ತರಗತಿಗೆ ಪಾಠ ಹೇಳುತ್ತಿದ್ದರು. ಲಿಯೇಜ್ ಊರಿನವರಾದ ಇವರು ಇನ್ನೂ ಗುರುಪಟ್ಟ ಪಡೆದಿರಲಿಲ್ಲ. ಪಾಠ ಮುಗಿದ ಮೇಲೆ ಮನಸ್ಸುಳ್ಳ ಹುಡುಗರನ್ನು ನಿಲ್ಲಿಸಿಕೊಂಡು ಸ್ವಲ್ಪ ಹೊತ್ತು ಪ್ರಾರ್ಥನೆ, ಸ್ವಲ್ಪ ಹೊತ್ತು ಒಳ್ಳೆಯ ಪುಸ್ತಕವೊಂದರ ವಾಚನ. ಭಾನುವಾರ ಹಬ್ಬಗಳಲ್ಲಿ ಆಸ್ಪತ್ರೆಯ ರೋಗಿಗಳ ದರ್ಶನ. ವಾರಕ್ಕೊಮ್ಮೆ ಪಾಪನಿವೇದನೆ, ಆ ಕಾಲಕ್ಕೆ ವಿರಳವಾಗಿದ್ದ ತಿಂಗಳ ಪರಮಪ್ರಸಾದ. ಇಷ್ಟೇ ನಿಯಮ. 1584ರಲ್ಲಿ ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು ಈ ಕೂಟಕ್ಕೆ ಅಧಿಕೃತ ಸ್ಥಾನ ನೀಡಿ ಉಳಿದ ಕೂಟಗಳಿಗೆಲ್ಲ ಇದನ್ನು ಮೂಲಕೂಟವನ್ನಾಗಿ ಮಾಡಿದರು. ಮಾತೆ ಮರಿಯಮ್ಮನವರ ಸೊಡಾಲಿಟಿ ಎಂದು ಹಿರಿಯರು ಕರೆಯುತ್ತಿದ್ದುದು ಇದನ್ನೇ. ನಮ್ಮ ಅಜ್ಜಿಯರ ಪೆಟ್ಟಿಗೆಗಳಲ್ಲಿ ನೀಲಿ ಪಟ್ಟಿಗೆ ಕಟ್ಟಿದ ಪದಕ ಸಿಕ್ಕಿದರೆ ಅದರ ವಂಶಾವಳಿ ಲ್ಯೂನಿಸರ ತರಗತಿಯ ತನಕ ಹೋಗುತ್ತದೆ. 1967ರಲ್ಲಿ ಈ ಸಂಘವು 'ಕ್ರೈಸ್ತ ಜೀವನ ಸಮುದಾಯ' ಎಂಬ ಹೊಸ ಹೆಸರು ಪಡೆಯಿತು. ಹೆಸರು ಹೊಸದಾದಾಗ ಎಷ್ಟೋ ಧರ್ಮಕೇಂದ್ರಗಳಲ್ಲಿ ಹಳೆಯದು ಹೋಯಿತು, ಹೊಸದು ಬರಲಿಲ್ಲ. ಇದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ವ್ಯಥೆ.

ಕೂಟವಿದ್ದ ಮಾತ್ರಕ್ಕೆ ಕತ್ತಲೆ ಬರುವುದಿಲ್ಲವೆಂದಲ್ಲ. ಪ್ಯಾರಿಸಿನ ಕ್ಲೆರ್ಮೋನ್ ಕಾಲೇಜಿನಲ್ಲಿ ಓದುತ್ತಾ ಇದೇ ಸೊಡಾಲಿಟಿಯ ಸದಸ್ಯರಾಗಿದ್ದ ಫ್ರಾನ್ಸಿಸ್ ದೆ ಸಾಲ್ಸರು 1586ರ ಕೊನೆಯಲ್ಲಿ, 19ನೆಯ ವಯಸ್ಸಿನಲ್ಲಿ, ತಾನು ದೇವರಿಂದ ತಿರಸ್ಕೃತನೆಂಬ ಭಯಕ್ಕೆ ಸಿಕ್ಕಿ ಕೆಲವು ವಾರಗಳ ಕಾಲ ಊಟ ನಿದ್ರೆಗಳನ್ನು ಕಳೆದುಕೊಂಡರು. ಕೊನೆಗೆ ಮರಿಯಮ್ಮನವರ ಸ್ವರೂಪದ ಮುಂದೆ ಮೊಣಕಾಲೂರಿ, ಮುಂದೇನಾದರೂ ಆಗಲಿ, ಬದುಕಿರುವಷ್ಟು ಕಾಲ ದೇವರನ್ನು ಪ್ರೀತಿಸುವೆನೆಂದು ಒಪ್ಪಿಸಿಕೊಂಡಾಗ ಆ ಭಾರ ಇಳಿಯಿತು. ಕಥೋಲಿಕ ಧರ್ಮಸಭೆಯ ಅತ್ಯಂತ ಸೌಮ್ಯ ಸ್ವಭಾವದ ಗುರುವೆಂದು ಖ್ಯಾತರಾದವರ ತಾರುಣ್ಯ ಹೀಗಿತ್ತು. ಏನೂ ಅನಿಸುತ್ತಿಲ್ಲವೆಂದು ಅಳುವ ಹುಡುಗಿಗೆ ಹೇಳಲು ನಮ್ಮಲ್ಲಿ ಸಂತರ ಉದಾಹರಣೆಗಳಿಗೇನೂ ಕೊರತೆಯಿಲ್ಲ.

ಧ್ಯಾನಕೂಟದ ಬೋಧಕರ ಹೊಣೆ ಏನೆಂಬುದನ್ನು ತಿಳಿಯಲು ಸಂತ ಅಲ್ಫೋನ್ಸ್ ಲಿಗೋರಿಯವರನ್ನು ನೋಡಬೇಕು. ಇವರು 1732ರಲ್ಲಿ ಸ್ಥಾಪಿಸಿದ ರಿಡೆಂಪ್ಟರಿಸ್ಟ್ ಸಭೆಯ ಗುರುಗಳನ್ನು ಬೆಂಗಳೂರಿನವರು ಚೆನ್ನಾಗಿ ಬಲ್ಲರು. ದಕ್ಷಿಣ ಇಟಲಿಯ ಹಳ್ಳಿಗಳಲ್ಲಿ ಮಿಷನ್ ಬೋಧನೆ ನಡೆಸಿ ಜನರನ್ನು ಪಶ್ಚಾತ್ತಾಪಕ್ಕೆ ತಂದ ಮೇಲೆ ಅವರ ಗುರುಗಳು ಅಲ್ಲಿಗೆ ಕೈತೊಳೆದುಕೊಳ್ಳುತ್ತಿರಲಿಲ್ಲ. ಕೆಲವು ತಿಂಗಳ ನಂತರ ಅದೇ ಊರಿಗೆ ಮತ್ತೆ ಬಂದು, ಬಿದ್ದವರನ್ನು ಎತ್ತಿ, ನಿಂತವರನ್ನು ಬಲಪಡಿಸಿ ಹೋಗುತ್ತಿದ್ದರು. ಇದನ್ನು ಅವರು ಚೇತನದ ನವೀಕರಣವೆಂದು ಕರೆದರು. ಬಿತ್ತಿದವನು ಕಳೆ ಕೀಳಲು ಬರಬೇಕೆಂಬುದು ನಮ್ಮ ರೈತರಿಗೆ ಹೊಸ ವಿಷಯವೇನಲ್ಲ.

ನಮ್ಮ ದೇಶದೊಡನೆ ನೇರವಾದ ನಂಟುಳ್ಳ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಫ್ರಾನ್ಸಿನ ವಾಲ್ಸ್ ಎಂಬಲ್ಲಿ ಯೇಸುಸಭೆಯ ತರುಣ ವಿದ್ಯಾರ್ಥಿಗಳು ಓದುತ್ತಿದ್ದರು. ಮಧುರೆಯ ಮಿಷನ್ನಿನಿಂದಲೂ ಇತರೆಡೆಗಳಿಂದಲೂ ಬರುತ್ತಿದ್ದ ಪತ್ರಗಳನ್ನು ಓದಿ ಅವರ ಮನಸ್ಸು ಉರಿಯುತ್ತಿತ್ತು: ನಾವು ಇಲ್ಲಿ ತತ್ತ್ವಶಾಸ್ತ್ರದ ಪುಟ ತಿರುವುತ್ತಾ ಕುಳಿತಿದ್ದೇವಲ್ಲ, ಈ ಕ್ಷಣವೇ ಭಾರತಕ್ಕೆ ಹೋಗಬಾರದೇ? ಓದು ರುಚಿಸದಾಯಿತು. ಅವರ ಮಾರ್ಗದರ್ಶಕರಾದ ಗೋತ್ರೆಲೆ ಎಂಬ ಗುರುಗಳು 1844ರ ಡಿಸೆಂಬರ್ 3ರಂದು, ಝೇವಿಯರರ ಹಬ್ಬದ ದಿನ, ಅವರಿಗೆ ಒಂದು ಉಪಾಯ ತೋರಿಸಿದರು. ನೀವು ಈಗಲೇ ಮಿಷನರಿಗಳಾಗಬಹುದು. ಇಂದಿನ ಪಾಠ, ಇಂದಿನ ಬೇಸರ, ಇಂದಿನ ತಲೆನೋವು ಇವನ್ನೇ ಪ್ರತಿ ಬೆಳಿಗ್ಗೆ ಪ್ರಭುವಿಗೆ ಅರ್ಪಿಸಿರಿ ಎಂಬುದು ಅವರ ಉಪದೇಶದ ಸಾರ. 'ಪ್ರಾರ್ಥನೆಯ ಪ್ರೇಷಿತಕಾರ್ಯ'ವೆಂಬ ವಿಶ್ವವ್ಯಾಪಿ ಸಂಘ ಹುಟ್ಟಿದ್ದು ಹೀಗೆ. ನಮ್ಮ ಮನೆಗಳ ಬೆಳಗಿನ ಅರ್ಪಣೆಯ ಜಪ ಇದರಿಂದಲೇ ಮನೆಮನೆಗೆ ಹರಡಿತು. ಉತ್ಸಾಹವನ್ನು ಅವರು ಗದರಿಸಿ ಅಡಗಿಸಲಿಲ್ಲ, ಅದನ್ನು ಹೊತ್ತು ನಡೆಯಬಲ್ಲ ಒಂದು ಚಿಕ್ಕ ದಿನಚರಿಯನ್ನು ಕೊಟ್ಟರು.

ಆದರೆ ಹದಿಹರೆಯದವರ ಮನಸ್ಸನ್ನು ಬಲ್ಲವರಲ್ಲಿ ಸಂತ ಜಾನ್ ಬೋಸ್ಕೊ ಅವರಿಗೆ ಸಮಾನರಿಲ್ಲ. 1854ರ ಅಕ್ಟೋಬರಿನಲ್ಲಿ ಟ್ಯೂರಿನ್ ನಗರದ ವಾಲ್ಡೊಕ್ಕೊದಲ್ಲಿದ್ದ ಅವರ ಬಾಲಕಾಶ್ರಮಕ್ಕೆ ದೊಮಿನಿಕ್ ಸಾವಿಯೊ ಎಂಬ 12 ವರ್ಷದ ಹುಡುಗ ಬಂದು ಸೇರಿದ. ಮರುವರ್ಷದ ವಸಂತದಲ್ಲಿ ಒಂದು ದಿನ ಬೋಸ್ಕೊರವರು ಪ್ರಸಂಗ ಮಾಡುತ್ತಾ, ನಾವೆಲ್ಲರೂ ಸಂತರಾಗಬೇಕೆಂಬುದು ದೇವರ ಇಚ್ಛೆ, ಹಾಗಾಗುವುದು ಸುಲಭ, ಆದವರಿಗೆ ಸ್ವರ್ಗದಲ್ಲಿ ದೊಡ್ಡ ಬಹುಮಾನವುಂಟು ಎಂಬ ಮೂರು ಅಂಶಗಳನ್ನು ವಿವರಿಸಿದರು. ಮಾತುಗಳು ಹುಡುಗನಿಗೆ ಕಿಡಿಯಂತೆ ತಗಲಿದವು. ಮುಂದಿನ ಕೆಲವು ದಿನ ಆತ ಮಂಕಾಗಿ, ಆಟ ಬಿಟ್ಟು, ಮೌನವಾಗಿ ತಿರುಗಾಡುತ್ತಿದ್ದ. ಸಂತನಾಗಬೇಕಾದರೆ ಏಕಾಂತದಲ್ಲಿ ಗಂಟೆಗಟ್ಟಲೆ ಪ್ರಾರ್ಥಿಸಬೇಕು, ದೇಹವನ್ನು ದಂಡಿಸಬೇಕು ಎಂಬುದು ಅವನ ಎಣಿಕೆ. ಚಳಿಗಾಲದಲ್ಲಿ ತೆಳು ಹೊದಿಕೆ, ಹಾಸಿಗೆಯಲ್ಲಿ ಕಟ್ಟಿಗೆಯ ಚೂರುಗಳು.

ಬೋಸ್ಕೊರವರು ಇದನ್ನೆಲ್ಲ ನಿಷೇಧಿಸಿದರು. ಬದಲಿಗೆ ಕೊಟ್ಟ ಅಪ್ಪಣೆಯನ್ನು ನಮ್ಮ ತಂದೆತಾಯಿಗಳು ನೆನಪಿಡಲಿ: ಹರ್ಷಚಿತ್ತನಾಗಿರು, ಓದು ಮತ್ತು ಭಕ್ತಿಯ ಕರ್ತವ್ಯಗಳನ್ನು ಸರಿಯಾಗಿ ಮಾಡು, ಗೆಳೆಯರೊಡನೆ ಆಟಕ್ಕೆ ತಪ್ಪದೆ ಹೋಗು, ಅವರಿಗೆ ನೆರವಾಗು. ಒಬ್ಬ ಹುಡುಗನ ಸಂತತ್ವಕ್ಕೆ ಆಟದ ಬಯಲನ್ನು ಗೊತ್ತುಮಾಡಿದ ಗುರುಗಳು ಇವರು. 1856ರ ಜೂನ್ 8ರಂದು ಸಾವಿಯೊ ಮತ್ತು ಅವನ ಗೆಳೆಯರು ಮರಿಯಮ್ಮನವರ ಪೀಠದ ಮುಂದೆ ನಿಂತು ಅಮಲೋದ್ಭವ ಮಾತೆಯ ಕೂಟವನ್ನು ಆರಂಭಿಸಿದರು. ಕೂಟದ ಒಬ್ಬೊಬ್ಬ ಸದಸ್ಯನೂ ಆಶ್ರಮಕ್ಕೆ ಹೊಸದಾಗಿ ಬಂದ ಅಥವಾ ತುಂಟತನಕ್ಕೆ ಹೆಸರಾದ ಒಬ್ಬ ಹುಡುಗನನ್ನು ತನ್ನ ಪಾಲಿಗೆ ತೆಗೆದುಕೊಂಡು, ಅವನೊಡನೆ ಆಡಿ, ಪಾಠ ಹೇಳಿಕೊಟ್ಟು, ನಿಧಾನವಾಗಿ ಒಳ್ಳೆಯ ದಾರಿಗೆ ತರಬೇಕು. ಕೊಟ್ಟದ್ದು ಸಣ್ಣ ಕೆಲಸ. ಆದರೆ ನಿಜವಾದ ಕೆಲಸ, ಮಾಡದಿದ್ದರೆ ಒಬ್ಬ ಹುಡುಗ ಒಂಟಿಯಾಗುತ್ತಿದ್ದ. ಸಾವಿಯೊ 1857ರ ಮಾರ್ಚ್ 9ರಂದು, 15 ತುಂಬುವ ಮೊದಲೇ, ತೀರಿಕೊಂಡ. ಕೂಟ ಮುಂದುವರಿಯಿತು. 1859ರ ಡಿಸೆಂಬರ್ 18ರಂದು ಸಲೇಸಿಯನ್ ಸಭೆ ಸ್ಥಾಪನೆಯಾದಾಗ ಅಂದು ಸೇರಿದ್ದ ತರುಣರಲ್ಲಿ ಹಲವರು ಈ ಕೂಟದಲ್ಲಿ ಪಳಗಿದವರೇ. ಸಾವಿಯೊ 1954ರಲ್ಲಿ ಸಂತ ಪದವಿಗೇರಿದರು.

ಬೋಸ್ಕೊರವರು ವರ್ಷಕ್ಕೊಮ್ಮೆ ತಮ್ಮ ಹುಡುಗರಿಗೆ ಧ್ಯಾನಕೂಟ ಏರ್ಪಡಿಸುತ್ತಿದ್ದರು, ನಿಜ. ಆದರೆ ಅದರೊಡನೆ ತಿಂಗಳಿಗೊಂದು ದಿನ ಆತ್ಮವನ್ನು ಶೋಧಿಸಿಕೊಂಡು, ಇದೇ ಜೀವನದ ಕೊನೆಯ ಪಾಪನಿವೇದನೆಯೆಂಬಂತೆ ಸಂಸ್ಕಾರಗಳನ್ನು ಸ್ವೀಕರಿಸುವ ಪದ್ಧತಿಯೂ ಇತ್ತು. 'ಒಳ್ಳೆಯ ಮರಣಕ್ಕೆ ಸಿದ್ಧತೆ' ಎಂದು ಅದರ ಹೆಸರು. ಹೆಸರು ಕೇಳಿ ಇಂದಿನ ಮಕ್ಕಳು ಹೆದರಬಹುದು. ವಾಲ್ಡೊಕ್ಕೊದ ಹುಡುಗರಿಗೆ ಅಂದು ವಿಶೇಷ ಉಪಾಹಾರವಿರುತ್ತಿತ್ತಾದ್ದರಿಂದ ಅವರೇನೂ ಹೆದರುತ್ತಿರಲಿಲ್ಲ!

ಇಪ್ಪತ್ತನೆಯ ಶತಮಾನದ ಚಳವಳಿಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಬೆಲ್ಜಿಯಂನ ಜೋಸೆಫ್ ಕಾರ್ಡೈನರು ಸೆಮಿನರಿಯಿಂದ ರಜೆಗೆ ಊರಿಗೆ ಬಂದಾಗ, ತಮ್ಮ ಜೊತೆ ಓದಿ ಕಾರ್ಖಾನೆ ಸೇರಿದ್ದ ಗೆಳೆಯರು ವಿಶ್ವಾಸದಿಂದ ದೂರವಾಗಿ ತಮ್ಮನ್ನೂ ದೂರವಿಡುತ್ತಿರುವುದನ್ನು ಕಂಡು ನೊಂದರು. ಮುಂದೆ ಅವರು ಕಟ್ಟಿದ ಯುವ ಕ್ರೈಸ್ತ ಕಾರ್ಮಿಕರ ಸಂಘಕ್ಕೆ 1925ರಲ್ಲಿ ಮನ್ನಣೆ ದೊರೆಯಿತು. ನೋಡು, ವಿವೇಚಿಸು, ಕಾರ್ಯಮಾಡು ಎಂಬ ಅದರ ಮೂರು ಹೆಜ್ಜೆಗಳನ್ನು ನಮ್ಮ ಯುವ ವಿದ್ಯಾರ್ಥಿ ಸಂಘಗಳೂ ಕಲಿತವು. ಸ್ಪೇನಿನ ಮಯೋರ್ಕ ದ್ವೀಪದಲ್ಲಿ ಕಥೋಲಿಕ ಯುವಜನರು 1948ರ ಸಾಂತಿಯಾಗೊ ಯಾತ್ರೆಗೆ ಸಿದ್ಧವಾಗುತ್ತಿದ್ದ ವರ್ಷಗಳಲ್ಲಿ 'ಕುರ್ಸಿಯೊ' ಎಂಬ ಮೂರು ದಿನದ ಕೂಟ ರೂಪುಗೊಂಡಿತು. ಎಡ್ವಾರ್ಡೊ ಬೊನಿನ್ ಎಂಬ ಗೃಹಸ್ಥರು ಅದರ ಪ್ರಮುಖ ರೂವಾರಿ. ಆ ಚಳವಳಿಯವರು ಕೂಟ ಮುಗಿದ ನಂತರದ ಇಡೀ ಬದುಕನ್ನು 'ನಾಲ್ಕನೆಯ ದಿನ' ಎಂದು ಕರೆಯುತ್ತಾರೆ. ಈ ಲೇಖನದ ತಲೆಬರಹವನ್ನು ನಾನು ಅವರಿಂದಲೇ ಎರವಲು ಪಡೆದಿದ್ದೇನೆ. ಆ ನಾಲ್ಕನೆಯ ದಿನಕ್ಕಾಗಿ ಅವರು ಇಟ್ಟುಕೊಂಡಿರುವುದು ಮೂರು ನಾಲ್ಕು ಗೆಳೆಯರ ವಾರದ ಭೇಟಿ. ಈ ವಾರ ಹೇಗೆ ಪ್ರಾರ್ಥಿಸಿದೆ, ಏನು ಕಲಿತೆ, ಯಾರಿಗಾಗಿ ಏನು ಮಾಡಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. ಇದೇ ಮಾದರಿಯಿಂದ 1965ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹದಿಹರೆಯದವರಿಗಾಗಿಯೇ ಒಂದು ಕೂಟ ಆರಂಭವಾಯಿತು. 1967ರಲ್ಲಿ ಪಿಟ್ಸ್‌ಬರ್ಗಿನ ವಿದ್ಯಾರ್ಥಿಗಳ ಒಂದು ವಾರಾಂತ್ಯದ ಧ್ಯಾನಕೂಟದಿಂದ ಕಥೋಲಿಕ ವರದಾನ ನವೀಕರಣ ಚಳವಳಿ ಹೊರಟು ಕೆಲವೇ ವರ್ಷಗಳಲ್ಲಿ ಭಾರತವನ್ನೂ ಮುಟ್ಟಿತು. ಕೇರಳದ ಪೋಟ್ಟದಲ್ಲಿ ವಿನ್ಸೆನ್ಷಿಯನ್ ಗುರುಗಳು 1977ರಲ್ಲಿ ಆರಂಭಿಸಿದ ಧ್ಯಾನಕೂಟಗಳು ಮುಂದೆ ಮುರಿಂಗೂರಿಗೆ ಬೆಳೆದವು. ಅಲ್ಲಿಗೆ ನಮ್ಮ ಕರ್ನಾಟಕದಿಂದ ಹೋಗಿಬಂದ ಕುಟುಂಬಗಳು ಎಷ್ಟೋ. ಅದೇ ಕೇರಳದಲ್ಲಿ 1985ರ ಸುಮಾರಿಗೆ 'ಜೀಸಸ್ ಯೂತ್' ಎಂಬ ಚಳವಳಿ ತಲೆಯೆತ್ತಿ, 2016ರಲ್ಲಿ ವ್ಯಾಟಿಕನ್ನಿನ ಮನ್ನಣೆ ಪಡೆಯಿತು. ಧ್ಯಾನಕೂಟದಿಂದ ಬಂದ ಯುವಕರನ್ನು ಚಿಕ್ಕ ಪ್ರಾರ್ಥನಾ ಗುಂಪುಗಳಲ್ಲಿ ಕೂಡಿಸಿದ್ದೇ ಅದರ ಬಲವೆಂದು ನನಗೆ ತೋರುತ್ತದೆ.

ಈ ಐದು ಶತಮಾನಗಳ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡುವಾಗ ನನಗೆ ಕಾಣುವುದು ಒಂದೇ. ಮರಳಿದವರಲ್ಲಿ ಉಳಿದವರು ಹೆಚ್ಚು ಉರಿದವರೇನಲ್ಲ. ಕೂಡಿ ಉಣ್ಣಲು ಗೆಳೆಯರಿದ್ದವರು, ದಿನವೂ ಮಾಡಬಹುದಾದ ಚಿಕ್ಕ ನಿಯಮವೊಂದನ್ನು ಪಡೆದವರು, ಇನ್ನೊಬ್ಬನ ಭಾರ ಹೊತ್ತವರು. ಇವುಗಳಲ್ಲಿ ಯಾವುದನ್ನೂ ಧ್ಯಾನಕೇಂದ್ರ ಕೊಡಲಾರದು. ಅದು ದೂರದಲ್ಲಿರುತ್ತದೆ, ಮುಂದಿನ ವಾರ ಬೇರೆ ತಂಡ ಬರುತ್ತದೆ. ಕೊಡಬೇಕಾದುದು ಧರ್ಮಕೇಂದ್ರ ಮತ್ತು ಮನೆ. 2019ರ ಮಾರ್ಚ್ 25ರಂದು ಜಗದ್ಗುರು ಫ್ರಾನ್ಸಿಸರು ಯುವಜನರಿಗಾಗಿ ಸಹಿ ಹಾಕಿದ 'ಕ್ರಿಸ್ತುಸ್ ವಿವಿತ್' ಎಂಬ ಪತ್ರದಲ್ಲಿ ಇದೇ ನೋವನ್ನು ತೋಡಿಕೊಂಡಿದ್ದಾರೆ: ಯುವಜನರಿಗೆ ದೇವರ ಪ್ರಬಲ ಅನುಭವ ದೊರೆಯುವಂತೆ ಮಾಡಿ, ಆಮೇಲೆ ಅವರಿಗೆ ಸಿಗುವುದು ಸಿದ್ಧಾಂತ ನೀತಿಗಳ ಉಪನ್ಯಾಸಮಾಲೆ ಮಾತ್ರವಾದರೆ, ಬೇಸರ ಬಂದು ಬೆಂಕಿ ಆರಿಹೋಗುತ್ತದೆ ಎಂಬ ಅರ್ಥ ಬರುವಂತೆ ಅವರು ಬರೆದಿದ್ದಾರೆ. ಜ್ಞಾನೋಪದೇಶ ಬೇಡವೆಂದು ಅವರೂ ಹೇಳಲಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಧ್ಯಾನಕೂಟದಿಂದ ಬಂದ ಹುಡುಗನಿಗೆ ನಾವು ಸಾಮಾನ್ಯವಾಗಿ ಏನು ಕೊಡುತ್ತೇವೆ? ಹಬ್ಬದ ಶಾಮಿಯಾನ ಕಟ್ಟುವ ಕೆಲಸ, ಲಾಟರಿ ಚೀಟಿ ಮಾರುವ ಕೆಲಸ. ಅವನು ಪರಮಪ್ರಸಾದದ ಬಗೆಗೆ ಮಾತನಾಡಲು ಬಂದಿದ್ದ, ನಾವು ಕುರ್ಚಿ ಎಣಿಸಲು ಹೇಳಿದೆವು.

ಎಲೀಯ ಪ್ರವಾದಿಯು ಕರ್ಮೆಲ್ ಬೆಟ್ಟದ ಮೇಲೆ ಬೆಂಕಿಯನ್ನು ಇಳಿಸಿದ ಮೇಲೆ, ಮರದ ಕೆಳಗೆ ಮಲಗಿ ಸಾವನ್ನು ಬೇಡಿದ. ಆಗ ದೇವದೂತನು ಅವನಿಗೆ ಉಪನ್ಯಾಸ ಕೊಡಲಿಲ್ಲ, ರೊಟ್ಟಿ ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟು, ಮತ್ತೆ ಎಬ್ಬಿಸಿದ. ಮಗಳು ಧ್ಯಾನಕೂಟದಿಂದ ಬಂದು ತಿಂಗಳಾದ ಮೇಲೆ ಮಂಕಾಗಿ ಕುಳಿತರೆ, ತಾಯಿಯಾದವಳು ಪಕ್ಕದಲ್ಲಿ ಕುಳಿತು ಊಟ ಬಡಿಸಿ, "ಇವತ್ತು ನಿನ್ನ ಜೊತೆ ನಾನೂ ಒಂದು ಹತ್ತು ಮಣಿ ಜಪ ಮಾಡುತ್ತೇನಮ್ಮಾ" ಎಂದರೆ ಎಷ್ಟೋ ಆಯಿತು. ಸಂಜೆಯ ಕುಟುಂಬ ಪ್ರಾರ್ಥನೆ ನಿಂತುಹೋಗಿರುವ ಮನೆಗೆ ಮರಳಿದ ಮಗು ಯಾವ ಕೋಣೆಯಲ್ಲಿ ದೀಪ ಹಚ್ಚಬೇಕು?

ಈ ಶತಮಾನೋತ್ಸವ ವರ್ಷದಲ್ಲಿ ನಮ್ಮ ಪಾಲನಾ ಸಮಿತಿಯ ಮುಂದೆ ಇಟ್ಟಿರುವ ಏರ್ಪಾಡನ್ನು ಇಲ್ಲಿ ಬರೆದಿಡುತ್ತೇನೆ. ಧ್ಯಾನಕೂಟಕ್ಕೆ ಮಕ್ಕಳು ಹೊರಡುವ ಮುನ್ನವೇ ಐದೈದು ಮಂದಿಯ ಗುಂಪು ಮಾಡುವುದು, ಒಂದೊಂದು ಗುಂಪಿಗೆ ಧರ್ಮಕೇಂದ್ರದ ಒಬ್ಬ ದಂಪತಿಗಳನ್ನು ಒಪ್ಪಿಸುವುದು. ಮರಳಿದ ಮೇಲೆ ಶನಿವಾರ ಸಂಜೆ 5 ಗಂಟೆಗೆ ಒಂದು ಗಂಟೆ ಕಾಲ ಒಬ್ಬೊಬ್ಬರ ಮನೆಯಲ್ಲಿ ಸೇರುವುದು. ಶುಭಸಂದೇಶದ ವಾಚನ, ವಾರದ ಸುಖದುಃಖ, ಆ ಮನೆಯವರು ಕೊಟ್ಟ ಕಾಫಿ. ಪರೀಕ್ಷೆಯ ತಿಂಗಳಿನಲ್ಲಿ ಅರ್ಧ ಗಂಟೆ ಸಾಕು, ನಿಲ್ಲಿಸುವುದು ಬೇಡ. ಪ್ರತಿಯೊಬ್ಬರಿಗೂ ಒಬ್ಬರು: ಜ್ಞಾನೋಪದೇಶದ ತರಗತಿಯ ಒಬ್ಬ ಚಿಕ್ಕ ಹುಡುಗನೋ, ಮನೆಯಿಂದ ಹೊರಬರಲಾಗದ ಒಬ್ಬ ಅಜ್ಜಿಯೋ. ತಿಂಗಳ ಮೊದಲ ಶುಕ್ರವಾರ ಪಾಪನಿವೇದನೆಗೆ ನಾನು ಸಂಜೆ 6ರಿಂದ ದೇವಾಲಯದಲ್ಲಿರುತ್ತೇನೆ. ಐದನೆಯ ತಿಂಗಳಲ್ಲಿ ಧ್ಯಾನಕೂಟ ನಡೆಸಿದ ಬೋಧಕರನ್ನೇ ಒಂದು ದಿನದ ಮಟ್ಟಿಗೆ ಇಲ್ಲಿಗೆ ಕರೆಸುವುದು. ನಾಲ್ಕು ದಂಪತಿಗಳು ಈಗಾಗಲೇ ಹೆಸರು ಕೊಟ್ಟಿದ್ದಾರೆ. ಇನ್ನೂ ಮೂವರು ಬೇಕಾಗಿದ್ದಾರೆ.